ಗೂಟದ ಚುಕ್ಕಿ

ಮೇ ತಿಂಗಳಲ್ಲಿ ಅಲ್ ರಮ್ಸ್‌ನಲ್ಲಿ ಹಗಲು ಕಾಂಕ್ರೀಟು ಸುರಿಯುವಂತಿಲ್ಲ,
ಸುರಿದರೆ ಬಿರಿಯುತ್ತದೆ.
ನಮಗೆಲ್ಲ ರಾತ್ರಿ ಪಾಳಿ.
ಅಲೆತಡೆಯ ತುದಿಗೆ ಮುಕ್ಕಾಲಿ, ಅದರ ಮೇಲೆ ಅಳತೆಯ ಯಂತ್ರ,
ಯಂತ್ರದ ಕಣ್ಣಿಗೆ ಕಣ್ಣಿಟ್ಟು ನಾನು,
ಹುನಗುಂದದ ಸರ್ವೆ ಕಚೇರಿಯಲ್ಲಿ ಸರಪಳಿ ಎಳೆಯುತ್ತಿದ್ದ
ಬಸಲಿಂಗಪ್ಪನ ಮಗ.

ಒಂದು ಲಾರಿ ಹೋಗಿ ಇನ್ನೊಂದು ಬರಲು ನಲವತ್ತು ನಿಮಿಷ.
ಕಾಂಕ್ರೀಟಿನ ಅಚ್ಚು ತುಂಬಿ ಕೊಂಡೊಯ್ಯುವ ಗುವಾನ್ ಶುಲಾನ್
ಹೆಲ್ಮೆಟ್ಟು ಕಳಚಿ ಬಂಡೆಯ ಮೇಲೆ ಕೂತು ಕೇಳಿದಳು:
ನಿನ್ನ ಯಂತ್ರ ಆಕಾಶಕ್ಕೆ ತಿರುಗುತ್ತದಾ?

ತಿರುಗುತ್ತದೆ. ಯಾರೂ ತಿರುಗಿಸಿಲ್ಲ, ಅಷ್ಟೆ.

ಅವಳ ಅಜ್ಜ ಹುಬೇಯ ಹಳ್ಳಿಯಲ್ಲಿ ಪಂಚಾಂಗ ನಕಲು ಮಾಡುತ್ತಿದ್ದನಂತೆ.
ಚಂದ್ರನಿಗೆ ಇಪ್ಪತ್ತೆಂಟು ಬಿಡಾರ. ಕೊಂಬು, ಕೊರಳು, ಬೇರು, ಕೋಣೆ...
ಹೆಸರು ಬಾಯಿಪಾಠ, ಮನೆ ಯಾವುದೆಂದು ಗೊತ್ತಿಲ್ಲ, ಅಂದಳು.

ನನ್ನದೂ ಅದೇ ಹಣೆಬರಹ.
ನಮ್ಮ ಕಡೆ ಅವು ಮಳೆಯ ಹೆಸರು: ರೋಹಿಣಿ, ಆರಿದ್ರಾ, ಹುಬ್ಬೆ, ಉತ್ತರೆ.
ರೋಹಿಣಿ ಮಳೆಗೆ ಸೂರ್ಯನೇ ರೋಹಿಣಿಯ ಮನೆಯಲ್ಲಿ ಕೂತಿರುತ್ತಾನೆ,
ಮೋಡ ಹರಿದರೂ ಆ ಚುಕ್ಕಿ ಕಾಣುವುದಿಲ್ಲ.
ಐವತ್ತು ವರ್ಷ ಹೆಸರು ಹಿಡಿದು ಕರೆದೆ,
ಮುಖ ನೋಡಲಿಲ್ಲ.

ಅಷ್ಟರಲ್ಲಿ ಖಲ್ಫಾನ್ ಶೆಹ್ಹಿ ಬಂದ, ಕೈಯಲ್ಲಿ ಗಾವಾ ತುಂಬಿದ ಫ್ಲಾಸ್ಕು.
ನಾವು ಕಲ್ಲು ಸುರಿದ ಜಾಗ ಅವನ ದೋಣಿಯ ಜಾಗ.
ದಿನಾ ಬಂದು ನೋಡುತ್ತಾನೆ, ಬೈಯುವುದಿಲ್ಲ.
ಅರ್ಧ ಹಿಂದಿ, ಅರ್ಧ ಅರಬ್ಬಿ; ಬೆರಳು ಮಾತ್ರ ಪೂರಾ.

ದಕ್ಷಿಣದ ಕೆಂಡ ತೋರಿಸಿದ. ಕಲ್ಬ್. ಎದೆ ಮುಟ್ಟಿಕೊಂಡ.
ಶಿನ್, ಅಂದಳು ಶುಲಾನ್. ಅವಳ ಕೈಯೂ ಎದೆಗೇ ಹೋಯಿತು.
ನಾನು ಜ್ಯೇಷ್ಠೆ ಎಂದೆ. ಲಕ್ಷ್ಮಿಯ ಅಕ್ಕ,
ಯಾರೂ ಒಳಗೆ ಕರೆಯದವಳು.
ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು.

ಆದರೆ ಅಜ್ಜನ ಲೆಕ್ಕ ಕೂಡಲಿಲ್ಲ.
ಕೋಣೆಯಿಂದ ಹೃದಯಕ್ಕೆ ಐದು ಪಾಲು, ಎಂದು ಅವನ ಬರಹ.
ಕೋನ ಹಿಡಿದೆ, ಸಿಮೆಂಟು ಚೀಲದ ಮೇಲೆ ಗುಣಿಸಿದೆ,
ಕೆಂಡದವರೆಗೆ ಏಳೂವರೆ.
ಮತ್ತೆ ಹಿಡಿದೆ. ಏಳೂವರೆಯೇ.
ಕೆಂಡದ ಪಡುವಣ ಮಗ್ಗುಲಿಗೆ ಒಂದು ಮಂಕು ಚುಕ್ಕಿ,
ಹೂಜಿಯ ಪಕ್ಕ ಬಿದ್ದ ಹನಿಯಷ್ಟು. ಅಲ್ಲಿಗೆ ತಂದರೆ
ಐದು, ಮೇಲೆ ಚಿಲ್ಲರೆ. ಎರಡು ಸಾವಿರ ವರ್ಷದ ಸವಕಳಿ ಇರಲಿ.

ಅಪ್ಪನ ಮಾತು: ಬೇವಿನ ಮರಕ್ಕೆ ಸರಪಳಿ ಹೂಡಬೇಡ,
ಊರೆಲ್ಲ ಅದನ್ನು ನೋಡುತ್ತದೆ, ಒಂದು ದಿನ ಕಡಿಯುತ್ತದೆ.
ಯಾರೂ ಎಡವದ ಕಲ್ಲು ಹುಡುಕು, ಅಲ್ಲಿ ಗೂಟ ಹೊಡಿ.

ಸ್ವಾತಿ ಹನಿ ಚಿಪ್ಪಿಗೆ ಬಿದ್ದರೆ ಮುತ್ತು ಎಂದೂ ಹೇಳಿ ನೋಡಿದೆ.
ಮುತ್ತು ಮುಳುಗುವವರ ಮೊಮ್ಮಗ ಖಲ್ಫಾನ್
ಗಾವಾ ಚೆಲ್ಲುವಷ್ಟು ನಕ್ಕ.

ಎರಡು ಗಂಟೆಗೆ ಹಜರ್ ಬೆಟ್ಟದ ಬೆನ್ನ ಮೇಲೆ,
ಯಾವ ಗಡಿಬಿಡಿಯೂ ಇಲ್ಲದೆ, ಇನ್ನೊಂದು.
ಶುಲಾನ್ ಬಹಳ ಹೊತ್ತು ಕಣ್ಣಿಟ್ಟು ನೋಡಿ
ಶ್ಯೂ, ಅಂದಳು. ಬರಿದು.
ತಾನು ಹುಟ್ಟಿದ ರಾತ್ರಿ ಚಂದ್ರ ಆ ಮನೆಯಲ್ಲಿದ್ದನಂತೆ.
ಅಜ್ಜ ಬರೆದು, ಪುಸ್ತಕ ಮುಚ್ಚಿದನಂತೆ.

ಖಲ್ಫಾನ್ ತಲೆ ಎತ್ತಿದ. ಅದಾ? ಅದು ಸಅದ್ ಅಸ್ಸುಊದ್.
ಅದೃಷ್ಟಗಳಿಗೇ ಅದೃಷ್ಟ. ಚಳಿ ಹಿಂದೆ ಸರಿಯುವಾಗ
ನಸುಕಿನಲ್ಲಿ ಮೂಡುತ್ತದೆ, ಮೇಕೆಗಳಿಗೆ ಹಸಿರು ಸಿಗುತ್ತದೆ.
ನಿಮ್ಮಲ್ಲಿ? ಎಂದು ನನ್ನ ಕಡೆ ತಿರುಗಿದ.
ಧನಿಷ್ಠೆಗೂ ಶತಭಿಷೆಗೂ ನಡುವೆ ಎಲ್ಲೋ,
ನಮ್ಮವರು ನಿಲ್ಲದೆ ದಾಟಿಹೋದ ಕಡೆ. ಹೆಸರಿಲ್ಲ.

ಅವಳು ನಗಲಿಲ್ಲ. ಇನ್ನೊಮ್ಮೆ ಹೇಳು, ಅಂದಳು.
ಹೇಳಿದ.
ಗಂಟಲಿನ ಆ ಅಕ್ಷರ ಅವಳಿಗೆ ದಕ್ಕಲಿಲ್ಲ,
ಮತ್ತೆ ಮತ್ತೆ ಪ್ರಯತ್ನಿಸಿದಳು, ಲಾರಿಯ ದೀಪ ಬಂಡೆಗಳ ಮೇಲೆ ಹಾಯುವ ತನಕ.

ಬೆಳಿಗ್ಗೆ ಕಚೇರಿಯಿಂದ ಫೋನು:
ನಿನ್ನೆಯ ದಾಖಲೆಯಲ್ಲಿ ನಾಲ್ಕು ಬಿಂದು ಹೆಚ್ಚಿವೆ. ಯಾವುವು? ಅಳಿಸು.
ಮೂರನ್ನು ಅಳಿಸಿದೆ.
ಉಳಿದದ್ದಕ್ಕೆ ಕೋನವಿದೆ, ವೇಳೆಯಿದೆ,
ದೂರದ ಅಂಕಣ ಖಾಲಿ.